ಬಾಯಿ ತೆರೆಯದ ಯಂಗಮ್ಮನ ಬಗ್ಗೆ ಕೊರಿಯಾದ ನಿರ್ದೇಶಕರಿಗೆ

ಕೊರಿಯಾ ದೇಶದ ಮಾನ್ಯ ಧಾರಾವಾಹಿ ನಿರ್ದೇಶಕರೇ,

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕದ ಶೆಡ್ಡಿನಲ್ಲಿ ಹೊಗೆಸೊಪ್ಪು ವಿಂಗಡಿಸುವ ಹೆಂಗಸರೆಲ್ಲರ ಪರವಾಗಿ ತಮಗೆ ನಮಸ್ಕಾರಗಳು. ಮಡಿಲ ತುಂಬ ಸೊಪ್ಪು ಇರುವುದರಿಂದ ಎದ್ದು ನಿಂತು ಕೈಮುಗಿಯಲು ಆಗುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬಾರದು. ತಮ್ಮ ವಿಳಾಸ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಕಾರಣ ಈ ಪತ್ರವನ್ನು ನಮ್ಮ ತಾಲ್ಲೂಕಿನ ವಾರಪತ್ರಿಕೆಗೆ ಕೊಡುತ್ತಿದ್ದೇನೆ. ಬೇಕರಿಯವರು ಬನ್ನು ಸುತ್ತುವುದಕ್ಕೂ ಅದನ್ನೇ ಬಳಸುವುದರಿಂದ, ಎಂದಾದರೂ ಒಂದು ದಿನ ಅದು ತಮ್ಮ ಕೈ ಸೇರೀತೆಂದು ನಂಬಿದ್ದೇನೆ.

ಮೊದಲು ತಮ್ಮ ಉಪಕಾರವನ್ನು ನೆನೆಯಬೇಕು. ಹೋದ ವರ್ಷದವರೆಗೆ ಧಾರಾವಾಹಿಯ ಹೊತ್ತಿಗೆ ನಾವು ಒಬ್ಬೊಬ್ಬರಾಗಿ ತಲೆನೋವೆಂದು ಎದ್ದು ಹೋಗುತ್ತಿದ್ದೆವು. ಆ ತಲೆನೋವಿಗೆ ಮದ್ದಾಗಿ ನಮ್ಮ ಮಾಲೀಕರಾದ ಶಿವನಂಜಪ್ಪನವರು ಈ ವರ್ಷ ತಮ್ಮ ಮನೆಯ ಟಿ.ವಿ.ಯನ್ನೇ ತಂದು ಸೊಪ್ಪನ್ನು ಒತ್ತಿ ಕಟ್ಟಿದ ಬೇಲುಗಳ ಮೇಲೆ ಇಟ್ಟು, "ಕಣ್ಣು ಎಲ್ಲಾರ ಇರ್ಲಿ ಕಣ್ರವ್ವಾ, ಕೈ ನಿಲ್ಲಬಾರ್ದು" ಎಂದು ಅಪ್ಪಣೆ ಮಾಡಿದರು. ಹೀಗೆ ಹಿಂದಿಯಲ್ಲಿ ಮಾತಾಡುವ ತಮ್ಮ ಕೊರಿಯಾದವರು ಪ್ರತಿ ಮಧ್ಯಾಹ್ನ ನಮ್ಮ ಶೆಡ್ಡಿಗೆ ಬರುವಂತಾಯಿತು.

ನಮಗೆ ಹಿಂದಿ ಬಾರದು. ಆ ಬೇಲುಗಳಿಗೆ ಗೋಣಿತಟ್ಟು ಹೊಲಿಯುವ ಶಕೀಲ್ ಸಾಹೇಬರ ಮಗಳು ಜೋಯಾ ಮನೆಯಲ್ಲಿ ಉರ್ದು ಆಡುವವಳಾದ್ದರಿಂದ, ಕೈಯಲ್ಲಿ ದಬ್ಬಳ ಹಿಡಿದುಕೊಂಡೇ ಎಲ್ಲರ ಮಾತನ್ನೂ ಕನ್ನಡ ಮಾಡಿ ಹೇಳುತ್ತಿದ್ದಳು. ತಮ್ಮ ನಾಯಕಿಯ ಹೆಸರು ಯಂಗ್ ಏನೋ ಇತ್ತು. ನಮ್ಮಲ್ಲಿ ಹಿರಿಯಳಾದ ಚಿಕ್ಕಬೀರಮ್ಮ ಅದನ್ನು ಯಂಗಮ್ಮ ಎಂದು ಸರಿಪಡಿಸಿದಳು.

ಆರಂಭ ಬಹಳ ಚೆನ್ನಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಕಡಲ ದಂಡೆಯಲ್ಲಿ ಮೀನು ಒಣಗಿಸುವ, ನಾಲ್ಕು ಜನರ ಮುಂದೆ ತಲೆ ಎತ್ತದ ಹುಡುಗಿ. ಅವಳನ್ನು ನೋಡಲು ಪಟ್ಟಣದಿಂದ ಬಂದ ಎತ್ತರದ ಹುಡುಗ. ಟೀ ಲೋಟ ಇಡುತ್ತಾ ಯಂಗಮ್ಮ ಮೆಲ್ಲಗೆ ಏನೋ ಅಂದಳು. ಜೋಯಾ ಹೇಳಿದಳು: "ಒಪ್ಪೋದು ಬಿಡೋದು ಆಮೇಲೆ. ಮೊದ್ಲು ನಿಮ್ಮನ್ನ ನಾನೊಂದು ಪ್ರಶ್ನೆ ಕೇಳ್ಬೇಕು, ಹೊತ್ತು ಬಂದಾಗ ಕೇಳ್ತೀನಿ, ಅಂತಾಳೆ." ಮಾಲೀಕರ ಅಪ್ಪಣೆ ಮೀರಿ ನಮ್ಮೆಲ್ಲರ ಕೈಯೂ ನಿಂತಿತು.

ಆ ಪ್ರಶ್ನೆ ನನಗೆ ಬಹಳ ಬೇಕಾಗಿತ್ತು. ಬರುವ ಭಾನುವಾರ ಮಿರ್ಲೆಯಿಂದ ಚಲುವರಾಜು ಎಂಬ ಹುಡುಗ ನನ್ನನ್ನು ನೋಡಲು ಬರುತ್ತಿದ್ದಾನೆ. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಅಡುಗೆ ಬರುತ್ತದೆಯೇ, ಎಷ್ಟರವರೆಗೆ ಓದಿದ್ದೀಯೆ ಎಂಬ ಪ್ರಶ್ನೆಗಳೆಲ್ಲ ಚಾಪೆಯ ಆ ತುದಿಯಿಂದಲೇ ಬರುತ್ತವೆ. ಈ ತುದಿಯಿಂದ ಉಪ್ಪಿಟ್ಟು ಮಾತ್ರ ಹೋಗುತ್ತದೆ. ಹೊಸಬರ ಮುಂದೆ ನನ್ನ ಹೆಸರು ಹೇಳುವುದಕ್ಕೇ ನಾಚುವ ನಾನು, ಯಂಗಮ್ಮ ಕೇಳುವ ಪ್ರಶ್ನೆಯನ್ನೇ ಬಾಯಿಪಾಠ ಮಾಡಿ ಅವನನ್ನು ಕೇಳಿಬಿಡುವುದೆಂದು ನಿಶ್ಚಯಿಸಿದ್ದೆ.

ತಾವಾದರೋ ಅವಸರದ ಮನುಷ್ಯರಲ್ಲ. ನಾವು ಹೊಗೆಸೊಪ್ಪಿನವರು, ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಉರಿಯನ್ನು ಒಂದೇ ಹದದಲ್ಲಿಟ್ಟು ಸೊಪ್ಪು ಹಣ್ಣಾಗುವವರೆಗೆ ಕಾಯುವುದು ಬಲ್ಲವರು. ಆದರೆ ಒಂದೇ ಕೊಡೆಯ ಕೆಳಗೆ ಇಬ್ಬರನ್ನು ನಿಲ್ಲಿಸಿ, ಮಳೆ ನಿಂತು ನೆಲ ಒಣಗಿದರೂ ಕೊಡೆ ಮಡಚಲು ಬಿಡದ ತಮ್ಮ ತಾಳ್ಮೆಯ ಮುಂದೆ ನಮ್ಮದೇನೂ ಅಲ್ಲ. ಯಂಗಮ್ಮ ಪ್ರಶ್ನೆ ಕೇಳುವಳೆಂದು ನಾವು ಮುಂದಕ್ಕೆ ಬಾಗಿದಾಗ ಹುಡುಗನಿಗೆ ಲಾರಿ ಹೊಡೆಸಿ ನೆನಪು ಕಳೆದಿರಿ. ನೆನಪು ಬರುವ ಹೊತ್ತಿಗೆ ಅವನ ತಾಯಿಗೆ ಎದೆನೋವು ತರಿಸಿದಿರಿ, ಅದು ವಾಸಿಯಾಗುತ್ತಲೇ ಮತ್ತೊಂದು ಲಾರಿ ತಂದಿರಿ. ಅಷ್ಟು ದೊಡ್ಡ ದೇಶದ ಲಾರಿಗಳೆಲ್ಲ ಒಂದೇ ಹುಡುಗನನ್ನು ಹುಡುಕಿಕೊಂಡು ಬರುವಂತೆ ಏರ್ಪಾಡು ಮಾಡುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಕೊನೆಯ ದಿನ ಹಿಮ ಬಿತ್ತು. ಹುಡುಗನೂ ತಾಯಿಯೂ ಬಂದು ಯಂಗಮ್ಮನ ಮುಂದೆ ನಿಂತರು. ಒಪ್ಪಿಗೆಯೇ ಎಂದು ತಾಯಿ ಕೇಳಿದಳು. ಯಂಗಮ್ಮ ತಲೆ ತಗ್ಗಿಸಿ ನಕ್ಕಳು. ಹಾಡು ಬಂತು, ಹೆಸರುಗಳು ಬಂದವು, ಆಮೇಲೆ ಸೋಪಿನ ಜಾಹೀರಾತು ಬಂತು.

"ಏನಮ್ಮಿ ಇದು, ಕೇಳ್ತೀನಿ ಕೇಳ್ತೀನಿ ಅಂತ ಆಸೆ ತೋರ್ಸಿ, ಕೊನ್ಗೆ ಅಲ್ಲು ಕಿರ್ಕಂಡು ನಿಂತವ್ಳಲ್ಲಾ!" ಎಂದು ಚಿಕ್ಕಬೀರಮ್ಮ ಕೈಲಿದ್ದ ಸೊಪ್ಪನ್ನು ನೆಲಕ್ಕೆ ಕುಕ್ಕಿದಳು. ಆ ದುಃಖದಲ್ಲಿ ನಾವು ಕರಿ ಸೊಪ್ಪನ್ನು ನಿಂಬೆ ಬಣ್ಣದ ಸೊಪ್ಪಿನ ಜೊತೆ ಸೇರಿಸಿ ಕಟ್ಟಿದ್ದು ಮಾರನೆಯ ದಿನ ತಿಳಿಯಿತು. ಶಿವನಂಜಪ್ಪನವರು ಇಡೀ ಬೇಲನ್ನು ಬಿಚ್ಚಿಸಿ, "ಇದ್ನ ಆ ಯಂಗಮ್ಮ ಬಂದು ಬೇರೆ ಮಾಡ್ತಾಳಾ?" ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿತ್ತು.

ಬೇಲು ಬಿಚ್ಚುವಾಗ ಜೋಯಾಳನ್ನು ಕೇಳಿದೆ: ಹಿಂದಿ ಬಲ್ಲವಳು ನೀನು, ಆ ಪ್ರಶ್ನೆ ಏನಿತ್ತೆಂದು ಹಿಂದೆ ಎಲ್ಲಾದರೂ ಸುಳಿವು ಕೊಟ್ಟಿದ್ದಳೇ? ಜೋಯಾ ದಬ್ಬಳಕ್ಕೆ ದಾರ ಪೋಣಿಸುತ್ತಲೇ ಹೇಳಿದಳು:

"ಪ್ರಶ್ನೆ ಗಿಶ್ನೆ ಏನೂ ಇರ್ಲಿಲ್ಲ ಕಣೇ. ಮೊದ್ಲನೇ ದಿನ ಅವ್ಳು ಅಂದಿದ್ದು, ಟೀಗೆ ಸಕ್ಕರೆ ಸಾಕಾ ಅಂತ. ನಂಗೆ ಬೇಜಾರಾಯ್ತು, ನಾನೇ ಸೇರಿಸ್ದೆ."

"ಮತ್ತೆ ಕೊನೇಲಾದ್ರೂ ಒಂದು ಪ್ರಶ್ನೆ ಸೇರಿಸ್ಬಾರ್ದಿತ್ತಾ?"

"ಸೇರಿಸ್ಬೇಕು ಅಂತಾನೇ ಕಾದಿದ್ದೆ. ಅವ್ಳು ಬಾಯೇ ತೆಗೀಲಿಲ್ವಲ್ಲೇ!"

ಮಾನ್ಯರೇ, ಇದನ್ನು ಕೇಳಿದ ಮೇಲೆ ನನ್ನ ದೂರನ್ನು ಹಿಂದಕ್ಕೆ ಪಡೆಯಬೇಕೆಂದು ಒಂದು ಗಳಿಗೆ ಅನ್ನಿಸಿತು. ಕೊಡದ ಮಾತಿಗೆ ತಪ್ಪಿದಿರೆಂದು ತಮ್ಮನ್ನು ದೂರುವುದು ಸರಿಯಲ್ಲ. ಆದರೆ ಯೋಚಿಸಿದಷ್ಟೂ ದೂರು ದೊಡ್ಡದಾಯಿತು. ಅಷ್ಟೊಂದು ಹಿಮ, ಅಷ್ಟೊಂದು ಲಾರಿ, ಅಷ್ಟು ಚೆಂದದ ಕೊಡೆ ಇಟ್ಟುಕೊಂಡ ತಮಗೆ ಹೊಳೆಯದ ಕಥೆ, ಗೋಣಿತಟ್ಟು ಹೊಲಿಯುವವಳಿಗೆ ಬೇಜಾರಿನಲ್ಲೇ ಹೊಳೆಯಿತು. ತಾವು ಮಾಡಬೇಕಾಗಿದ್ದುದು ಒಂದೇ, ಕೊನೆಯಲ್ಲಿ ಆಕೆಯ ಬಾಯಿ ತೆರೆಸುವುದು. ಮೀನಿನ ಬಗ್ಗೆ ಏನಾದರೂ ಅಂದಿದ್ದರೂ ಸಾಕಿತ್ತು. ಉಳಿದ ಮಾತನ್ನು ಜೋಯಾ ಕೊಡುತ್ತಿದ್ದಳು.

ಆದ್ದರಿಂದ ತಾವು ದಯಮಾಡಿ ಅದೇ ಹಿಮವನ್ನು ಮತ್ತೊಮ್ಮೆ ಬೀಳಿಸಿ, ಯಂಗಮ್ಮನನ್ನು ಅಲ್ಲೇ ನಿಲ್ಲಿಸಿ, ಬಾಯಿ ತೆರೆದು ಮುಚ್ಚುವಂತೆ ಹೇಳಿ, ಅದನ್ನು ಭಾನುವಾರದೊಳಗೆ ನಮ್ಮ ಶೆಡ್ಡಿಗೆ ತಲುಪಿಸಬೇಕಾಗಿ ಕೋರುತ್ತೇನೆ. ಲಾರಿಯಲ್ಲಿ ಮಾತ್ರ ಕಳಿಸಬೇಡಿ.

ಮಡಿಲಿನ ಸೊಪ್ಪು ಇನ್ನೂ ಮುಗಿಯದ,
ತಮ್ಮ ವಿಶ್ವಾಸಿ,
ಪವಿತ್ರಾ

ತಾ.ಕ.: ವಾರಪತ್ರಿಕೆಯವರು ಊರಿನಲ್ಲಿಲ್ಲದೆ ಪತ್ರ ನನ್ನ ಬಳಿಯೇ ಉಳಿಯಿತು, ಅಷ್ಟರಲ್ಲಿ ಭಾನುವಾರವೂ ಕಳೆಯಿತು. ತಮ್ಮಿಂದ ಏನೂ ಬರಲಿಲ್ಲವಾದ್ದರಿಂದ ನಾನೇ ಕೇಳಬೇಕಾಯಿತು. ಉಪ್ಪಿಟ್ಟಿನ ತಟ್ಟೆ ಇಟ್ಟು, "ನಿಮ್ಮನೇಲಿ ನಾನೊಂದು ಮಾತಾಡಿದ್ರೆ ಯಾರು ಕೇಳಿಸ್ಕೋತಾರೆ?" ಎಂದೆ. ಚಲುವರಾಜು ಜೊತೆಗೆ ಬಂದಿದ್ದ ತನ್ನ ತಾಯಿಯ ಮುಖ ನೋಡಿದ. ತಮ್ಮ ನಾಯಕನೂ ಹೀಗೆಯೇ ನೋಡುತ್ತಿದ್ದ, ಆದರೆ ಅವನಿಗೆ ಲಾರಿ ಹೊಡೆದಿತ್ತು. ಇವನು ಬಸ್ಸಿನಲ್ಲಿ ಸುಖವಾಗಿ ಬಂದಿದ್ದ. ಈ ಸಂಬಂಧ ಬೇಡ ಎಂದೆ. ನೆರವಿಗೆಂದು ಬಂದಿದ್ದ ಜೋಯಾ ನನ್ನ ಪಕ್ಕದಲ್ಲೇ ಇದ್ದಳು, ಅದನ್ನು ಅವಳು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.