ಬಾಗಿಲಿಗೆ ಬಂದ ಕೌಂಟಿ ಚುನಾವಣೆ

ಅನಿಕಾ, ಈ ದೇಶದ ಬಾಗಿಲ ಗಂಟೆಯ ಮೇಲೆ ನಿನ್ನ ಅಜ್ಜಿಗೆ ಮೊದಲಿನಿಂದಲೂ ಸಿಟ್ಟು. ಅದು ಬಾರಿಸಿತೆಂದು ಸೆರಗು ಸರಿಮಾಡಿಕೊಂಡು ಓಡಿದರೆ ಹೊರಗೆ ಮನುಷ್ಯರಿರುವುದಿಲ್ಲ, ಒಂದು ಡಬ್ಬ ಇರುತ್ತದೆ. ತಂದವನು ಆಗಲೇ ವ್ಯಾನ್ ಹತ್ತಿರುತ್ತಾನೆ. ಷಾರ್ಲೆಟ್ ನಗರದ ಪಕ್ಕದ ಈ ಬಡಾವಣೆಯಲ್ಲಿ, ನಿನ್ನ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ, ನಾನು ಮಾತಾಡಿಸಿದ ಡಬ್ಬಗಳಿಗೆ ಲೆಕ್ಕವಿಲ್ಲ.

ಹಾಗಾಗಿ ಆ ಬೇಸಿಗೆಯಲ್ಲಿ ಬಾಗಿಲಾಚೆ ಬೆವರು ಒರೆಸಿಕೊಳ್ಳುತ್ತ, ನಗುತ್ತ ನಿಂತಿದ್ದ ಹೆಂಗಸನ್ನು ಕಂಡಾಗ, ಯಾರೆಂದು ಕೇಳುವ ಮೊದಲೇ ಒಳಗೆ ಕರೆದುಬಿಟ್ಟೆ. ಹೆಸರು ಡಯಾನ್, ಹೆಚ್ಚು ಕಡಿಮೆ ನನ್ನ ವಯಸ್ಸು. ಕೌಂಟಿ ಕೌನ್ಸಿಲ್‌ಗೆ, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದಕ್ಕೆ, ನಿಂತಿದ್ದರು. ಕುಣಿಗಲ್ ಹತ್ತಿರದ ನಮ್ಮೂರಿನಲ್ಲಿ ವೋಟು ಕೇಳುವವರು ಬಂದರೆ ನಿಮ್ಮ ತಾತನನ್ನು ಜಗಲಿಗೆ ತಳ್ಳಿ ಕದದ ಹಿಂದೆ ಅಡಗುತ್ತಿದ್ದವಳು ನಾನು. ತಾತನೇ ತೀರಿಹೋದ ಮೇಲೆ ತಳ್ಳುವುದಕ್ಕೆ ಯಾರಿದ್ದಾರೆ? ನಾನೇ ಎದುರಿಗೆ ಕೂತೆ. ಮಜ್ಜಿಗೆ ಕೊಟ್ಟೆ, ಕೋಡುಬಳೆ ಇಟ್ಟೆ. ಆಕೆ ರಸ್ತೆ, ಚರಂಡಿ, ತೆರಿಗೆ ಎಂದು ಏನೇನೋ ಹೇಳಿದರು. ನಾನು ಪ್ರತಿ ಸಲ "ಯೆಸ್" ಎಂದೆ. ನನ್ನ ಮುಖ ನೋಡಿಕೊಂಡು ಒಬ್ಬರು ಅಷ್ಟು ಹೊತ್ತು ಮಾತಾಡಿ ಎಷ್ಟು ಕಾಲವಾಗಿತ್ತೋ! ಆಮೇಲೆ ನಮ್ಮ ಬೀದಿಗೆ ಬಂದಾಗಲೆಲ್ಲ ಆಕೆ ಮಜ್ಜಿಗೆಗೆ ಬರತೊಡಗಿದರು.

ನೀನು ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ಕೇಳಿದೆ: "ಅಜ್ಜಿ, ಯು ಕಾಂಟ್ ವೋಟ್! ಗ್ರೀನ್ ಕಾರ್ಡ್‌ಗೆ ವೋಟ್ ಇಲ್ಲ. ವೈ ಡೋಂಟ್ ಯು ಟೆಲ್ ಹರ್?"

"ಸುಮ್ನಿರೇ. ಹೇಳಿದ್ರೆ ಪಕ್ಕದ ಮನೆಗೆ ಹೋಗಿಬಿಡ್ತಾರೆ."

ಒಂದು ಸಂಜೆ ನಿನ್ನ ಅಪ್ಪ ಕಾರಿನಿಂದ ಇಳಿದವನೇ ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದ ಡಯಾನ್ ಹೆಸರಿನ ಬೋರ್ಡು ನೋಡಿ ಕೂಗಿಕೊಂಡ. "ಅಮ್ಮಾ, ಏನಿದು? ನಾವು ಆ ಪಾರ್ಟಿ ಅಲ್ಲಮ್ಮ!"

"ಅವ್ರು ಏನೋ ಕೇಳಿದ್ರು, ಯೆಸ್ ಅಂದೆ ಕಣೋ."

"ಏನ್ ಕೇಳಿದ್ರು ಅಂತಾದ್ರೂ ಗೊತ್ತಾ?"

"ಇಲ್ಲ."

ಕೀಳುವುದಕ್ಕೆ ನಾನು ಬಿಡಲಿಲ್ಲ. ಅವನು ತನ್ನ ಪಾರ್ಟಿಯ ಬೋರ್ಡನ್ನೂ ತಂದು ಪಕ್ಕದಲ್ಲೇ ನೆಟ್ಟ. ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುವವರೆಲ್ಲ ನಮ್ಮ ಮನೆ ಮುಂದೆ ನಿಂತು ನೋಡುವಂತಾಯಿತು.

ನವೆಂಬರಿನಲ್ಲಿ ಫಲಿತಾಂಶ ಬಂತು. ಬಹಳ ವರ್ಷ ಕೌನ್ಸಿಲ್ ಆಳಿದ್ದ ಡಯಾನ್ ಪಕ್ಷಕ್ಕೆ ಒಂದೇ ಸ್ಥಾನದಿಂದ ಬಹುಮತ ತಪ್ಪಿತು. ಸೋತ ಆ ಒಂದು ಸ್ಥಾನ ಡಯಾನ್ ಅವರದೇ. ಅಧಿಕಾರ ನಿನ್ನ ಅಪ್ಪನ ಪಾರ್ಟಿಗೆ ಹೋಯಿತು. ಅವನು ಖುಷಿಯಲ್ಲಿ ಪಿಜ್ಜಾ ತರಿಸಿದ. ಗಂಟೆ ಬಾರಿಸಿತು. ಓಡಿಹೋಗಿ ನೋಡಿದರೆ, ಡಬ್ಬ. ಮನೆಯವರ ಪಾರ್ಟಿ ಗೆದ್ದಿತ್ತು, ಮನೆಗೆ ಬರುವವರು ಸೋತಿದ್ದರು. ನನಗೆ ಊಟ ಸೇರಲಿಲ್ಲ.

ಮುಂದಿನ ಶನಿವಾರ ಡಯಾನ್ ಬೋರ್ಡು ಕಿತ್ತುಕೊಂಡು ಹೋಗಲು ಬಂದರು. ಮಜ್ಜಿಗೆ ಕೊಟ್ಟೆ. ನೀನು ತಡೆಯಲಾರದೆ ಅಜ್ಜಿಗೆ ವೋಟೇ ಇಲ್ಲವೆಂದು ಹೇಳಿಬಿಟ್ಟೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಕೆ ಜೋರಾಗಿ ನಕ್ಕು ಹೇಳಿದ್ದನ್ನು ನೀನು ಕನ್ನಡ ಮಾಡಿದೆ: "ಅವ್ರಿಗೆ ಮೊದ್ಲೇ ಗೊತ್ತಂತೆ ಅಜ್ಜಿ. ವೋಟ್ ಇರೋರು ಯಾರೂ ಡೋರೇ ಓಪನ್ ಮಾಡಲ್ವಂತೆ."

ಚುನಾವಣೆ ಇಲ್ಲದಿದ್ದರೂ ಸುಮ್ಮನೆ ಬರುತ್ತಿರಿ ಎನ್ನಬೇಕೆಂದು ಎಷ್ಟು ಆಸೆಯಿತ್ತು! ನಾಚಿಕೆಯಾಯಿತು. ಊರಿನಲ್ಲಿ ಜನ ಕರೆಯದೆಯೇ ಬರುತ್ತಿದ್ದರು; ಅದನ್ನು ಬಾಯಿಬಿಟ್ಟು ಹೇಳಿ ನನಗೆ ಅಭ್ಯಾಸವಿಲ್ಲ. ಅದಕ್ಕೆ ಬದಲು, "ಮತ್ತೆ ನಿಲ್ತಾರಾ ಕೇಳೇ" ಎಂದೆ.

ನಾಲ್ಕು ವರ್ಷ ಬಿಟ್ಟು ಬರುವ ಚುನಾವಣೆಗೆ ಖಂಡಿತ ನಿಲ್ಲುತ್ತೇನೆಂದು ಆಕೆ ನನ್ನ ಕೈ ಹಿಡಿದು ಹೇಳಿ, ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಹೋದರು.

ದಿನವೂ ದೀಪ ಹಚ್ಚುವಾಗ ನಿಮ್ಮ ತಾತನ ಫೋಟೋ ನೋಡಿ, "ಸಾಕಾಯ್ತು, ನನ್ನನ್ನೂ ಬೇಗ ಕರಕೊಳ್ಳಿ" ಎನ್ನುವುದು ನನ್ನ ರೂಢಿ. ಅವತ್ತು ಮಾತ್ರ, "ಇನ್ನೊಂದು ನಾಲ್ಕು ವರ್ಷ ಹೇಗಾದರೂ ಸುಧಾರಿಸಿಕೊಳ್ಳಿ, ನನಗೆ ಎಲೆಕ್ಷನ್ ಕೆಲಸವಿದೆ" ಎಂದೆ.