ಕೌದಿ ನೋಡಲು ಬರುವವರು

ಖಾಲಿ ಅಂಗಡಿಗೆ ಹೆದರುವವಳಲ್ಲ ನಾನು. ಅಂಗಡಿಯಲ್ಲಿ ಒಬ್ಬರಿದ್ದಾರೆ, ಆದರೆ ಕಾಣುವುದಿಲ್ಲ, ಮಾತಾಡುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ ಎಂದಾಗ ಮಾತ್ರ ಮೈ ಜುಮ್ಮೆನ್ನುತ್ತದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು, ಯಾರೂ ನೋಡದಾಗಲೂ ನೋಡುವವನೊಬ್ಬ ಇದ್ದಾನೆ ಎಂದು ಹೇಳಿ ನಮ್ಮನ್ನು ನೆಟ್ಟಗೆ ಕೂರಿಸುತ್ತಿದ್ದರು. ಆನ್‌ಲೈನ್ ಅಂಗಡಿ ಇಡುವವರಿಗೆ ಆ ಮಾತು ಎಷ್ಟು ಉಪಯೋಗವೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ನನ್ನದು ಕೌದಿ ಅಂಗಡಿ. ಸಿರುಗುಪ್ಪದ ಕಡೆಯ ಸಿರಿಗೇರಿಯಲ್ಲಿ ಹುಲಿಗೆಮ್ಮ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿಯುತ್ತಾಳೆ. ನಾನು ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಅವುಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿ ಕಾಯುತ್ತೇನೆ. ಕಾಯುವುದು ನನಗೆ ಚೆನ್ನಾಗಿ ಬರುತ್ತದೆ. "ಬಳ್ಳಾರಿ ಬಿಸಿಲಾಗ ಕುಂತು ಕೌದಿ ಮಾರ್ತಿ. ದೆವ್ವ ಬಿಟ್ರ ಇನ್ಯಾರು ಬರ್ತಾರ?" ಎಂದರು ನಮ್ಮ ಯಜಮಾನರು. ಆ ಮಾತು ನಾಟಿತು. ಕುರುಗೋಡಿನಲ್ಲಿರುವ ನಾದಿನಿ ಶೈಲಾ ಬಂದು, ಅಂಗಡಿಗೆ ಬರುವವರನ್ನು ಎಣಿಸುವ ಅನಲಿಟಿಕ್ಸ್ ಜೋಡಿಸಿಕೊಟ್ಟಳು. "ಯಾವ ಊರವ್ರು ಬಂದ್ರು, ಯಾವ ಕೌದಿ ನೋಡಿದ್ರು, ಎಷ್ಟೊತ್ತು ನಿಂತ್ರು, ಎಲ್ಲಾ ಕಾಣ್ತೈತಿ ಅತ್ತಿಗಿ."

ಕಂಡಿತು. ಬಳ್ಳಾರಿಯಿಂದ ಒಬ್ಬರು ದಿನವೂ, ಸರಿಯಾಗಿ ನಾನು ಅಡುಗೆ ಮುಗಿಸಿ ಕೂರುವ ಹೊತ್ತಿಗೇ ಬರುತ್ತಿದ್ದರು. ಶೈಲಾಳ ಮನೆಗೆಂದು ಕುರುಗೋಡಿಗೆ ಹೋದೆ. ಆ ಮಹಾನುಭಾವರೂ ಅಂದು ಕುರುಗೋಡಿನಲ್ಲೇ! ನಾನು ಕೂಗಿದ್ದಕ್ಕೆ ಶೈಲಾ ಓಡಿ ಬಂದು ಫೋನ್ ನೋಡಿ ಬಿದ್ದು ಬಿದ್ದು ನಕ್ಕಳು. "ಅತ್ತಿಗಿ, ಅದು ನೀವ ಅದೀರಿ! ನಿಮ್ಮ ಅಂಗಡಿಗೆ ನೀವ ಗಿರಾಕಿ." ನನ್ನನ್ನು ಲೆಕ್ಕದಿಂದ ತೆಗೆದುಹಾಕಿದಳು. ಅಂಗಡಿ ಪೂರ್ತಿ ಖಾಲಿಯಾಯಿತು.

ಮರುದಿನ ಮಧ್ಯಾಹ್ನ. ಬೀದಿಯ ನಾಯಿಗಳೂ ಮಲಗಿದ್ದವು, ಫ್ರಿಜ್ಜಿನ ಗುಂಯ್ ಒಂದೇ ಸದ್ದು. ಪರದೆಯ ಮೇಲೆ, ಅಂಗಡಿಗೆ ಯಾರೋ ಬಂದರೆಂದು ತೋರಿಸುವ ಒಂದು ಚುಕ್ಕೆ ಮೂಡಿತು. ಸಿರುಗುಪ್ಪ. ನಡುವೆ ಹಸಿರು ತುಂಡಿರುವ ಕೌದಿಯ ಮುಂದೆ ಬಂದು ನಿಂತಿತು, ಬೇರೇನನ್ನೂ ಮುಟ್ಟಲಿಲ್ಲ. ನಾನು ಹೋಗಿ ಹಾಲು ಕಾಯಿಸಿ ಬಂದರೂ ಅಲ್ಲೇ ಇತ್ತು. ಮಾರನೆಯ ದಿನವೂ ಹಾಗೇ, ಅದರ ಮರುದಿನವೂ. "ಏನು ಬೇಕಿತ್ತು?" ಎಂದು ಮೆಲ್ಲಗೆ ಪರದೆಯನ್ನೇ ಕೇಳಿದೆ. ಬೆಲೆ ಇಳಿಸಿ ನೋಡಿದೆ. ಚುಕ್ಕೆ ಅಲುಗಲಿಲ್ಲ. ಕಪಾಟು ತೆಗೆದು ಆ ಕೌದಿಯ ಮೇಲೆ ಕೈಯಿಟ್ಟೆ. ಸುತ್ತಲಿನ ಬಟ್ಟೆಯೆಲ್ಲ ಮಧ್ಯಾಹ್ನದ ಸೆಕೆಗೆ ಬೆಚ್ಚಗಿತ್ತು. ಹಸಿರು ತುಂಡು ಮಾತ್ರ ತಣ್ಣಗಿತ್ತು.

ಹುಲಿಗೆಮ್ಮನಿಗೆ ಫೋನ್ ಮಾಡಿ, ಆ ಹಸಿರು ಸೀರೆ ಯಾರದೆಂದು ಕೇಳಿದೆ.

"ನಮ್ಮವ್ವಂದು ರೀ ಅಕ್ಕಾರ. ಹೋದ ವರ್ಷ ತೀರ್ಕೊಂಡ್ಲಲ್ಲ."

ಕಪಾಟಿನ ಬಾಗಿಲು ಮುಚ್ಚಿದೆ. "ದಿನಾ ಮಧ್ಯಾಹ್ನ ಯಾರೋ ಅದರ ಮುಂದ ಬಂದು ನಿಂದರ್ತಾರ, ಹುಲಿಗೆಮ್ಮ."

ಅವಳು ಜೋರಾಗಿ ನಕ್ಕಳು. "ನಾನ ರೀ! ಮಗಳ ಫೋನಿನ್ಯಾಗ ನೋಡ್ತೀನಿ. ಇನ್ನಾ ಯಾರೂ ಒಯ್ದಿಲ್ಲ ಅಂತ ಗೊತ್ತಾದ್ರ ಆಮ್ಯಾಲ ಅನ್ನ ಇಳೀತೈತಿ."

ನಾನು ಮಾರಾಟವಾಗಲೆಂದು ದೀಪ ಹಚ್ಚುತ್ತಿದ್ದರೆ, ನನ್ನ ಏಕೈಕ ಗಿರಾಕಿ ಅದು ಆಗದಿರಲೆಂದು ಬರುತ್ತಿದ್ದಳು! "ಹಂಗಾದ್ರ ವಾಪಸ್ ಒಯ್ಯಿ" ಎಂದೆ.

"ಬ್ಯಾಡ್ರಿ. ಮನ್ಯಾಗ ಹುಡುಗ್ರು ಎಳದಾಡಿ ಹರೀತಾವ. ನಿಮ್ಮ ಅಂಗಡ್ಯಾಗ ಚೊಲೊ ಅದಾಳ, ಇರ್ಲಿ. ಯಾರರ ಕೇಳಿದ್ರ ಕೊಟ್ಟುಬಿಡ್ರಿ, ಏನ್ ಮಾಡಾಕಾಗ್ತೈತಿ."

ಯಾರೋ ಕೇಳಿಯೇಬಿಟ್ಟರು. ಅಂಗಡಿಯ ಮೊಟ್ಟಮೊದಲ ಆರ್ಡರ್, ಅದೇ ಕೌದಿಗೆ, ಹಣ ಸಮೇತ. ಯಜಮಾನರೇ ಹೋಗಿ ಪ್ಯಾಕ್ ಮಾಡುವ ಟೇಪು ತಂದರು. ನಾನು ಕೌದಿಯನ್ನು ಎತ್ತಿ ಕಾಗದದ ಮೇಲಿಟ್ಟೆ. ಮಧ್ಯಾಹ್ನವಾಗಿತ್ತು; ಪರದೆಯ ಮೇಲೆ ಸಿರುಗುಪ್ಪದ ಚುಕ್ಕೆ ಬಂದು ನಿಂತಿತು. ಟೇಪು ಹರಿಯಲು ಕೈ ಬರಲಿಲ್ಲ. ಹಣ ಹಿಂದಿರುಗಿಸಿದೆ. ಕಾರಣ ಬರೆಯಿರಿ ಎಂಬ ಜಾಗದಲ್ಲಿ ಸುಳ್ಳು ಬರೆಯಲು ಮನಸ್ಸಾಗದೆ, "ಕ್ಷಮಿಸಿ, ಆ ಕೌದಿ ಖಾಲಿ ಇಲ್ಲ" ಎಂದು ಬರೆದೆ.

"ಬಂದಾಂವ ಒಬ್ಬನ ಗಿರಾಕಿ, ಅವನ್ನೂ ಓಡಿಸಿದಿ!" ಎಂದು ಯಜಮಾನರು ಟೇಪನ್ನು ಅಂಗಡಿಗೆ ವಾಪಸ್ ಕೊಡಲು ಹೊರಟರು.

ಈಗ ಆ ಕೌದಿಗೆ ಬೆಲೆಯಿಲ್ಲ, ಫೋಟೋ ಮಾತ್ರ ಇದೆ. ಚುಕ್ಕೆ ಬರುವ ಹೊತ್ತಿಗೆ ನಾನು ಕಪಾಟು ತೆಗೆದು ಅದರ ಮಡಿಕೆ ಸರಿಮಾಡುತ್ತೇನೆ. "ಅಕಿ ನೋಡಾದು ಹಳೇ ಫೋಟೋ ಅತ್ತಿಗಿ, ನೀವು ಮಾಡಿದ್ದು ಕಾಣಂಗಿಲ್ಲ" ಎನ್ನುತ್ತಾಳೆ ಶೈಲಾ. ಅಷ್ಟು ನನಗೂ ಗೊತ್ತು. ಮುಚ್ಚಿದ ಕಪಾಟಿನೊಳಗೆ ಸರಿಮಾಡಿಟ್ಟ ಮಡಿಕೆ ದಿನವೂ ಹೇಗೆ ಕದಲುತ್ತದೆ ಎಂದು ಮಾತ್ರ ಅವಳು ಕೇಳದಿದ್ದರೆ ಸಾಕು.