ದೋ ಕೌದಿಯ ಅಸಲಿ ಕೆಲಸ

ನನ್ನ ಮೊಬೈಲಿನೊಳಗೆ ಬಾಡಿಗೆ ಕೊಡದೆ ವಾಸವಾಗಿರುವ, ಬೇಡಿದವರಿಗೆಲ್ಲ ಜಾಹೀರಾತು ಬರೆದುಕೊಡುವ ಮಹಾಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಹೈದರಾಬಾದಿನ ಕುಷಾಯಿಗೂಡದಿಂದ ಗುಣವತಿ ಹುಸೇನಪ್ಪ ಕೈಮುಗಿದು ಬರೆಯುವುದೇನೆಂದರೆ, ತಮಗೆ ನಿದ್ದೆ, ಹಸಿವು, ಸೊಂಟನೋವು ಯಾವುದೂ ಇಲ್ಲವೆಂದು ಬಲ್ಲವಳಾದರೂ ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇತ್ತ ನಾನು ಕ್ಷೇಮವೋ ಅಲ್ಲವೋ ಎಂಬುದನ್ನು ಈ ಪತ್ರ ಓದಿದ ಮೇಲೆ ತಾವೇ ತೀರ್ಮಾನಿಸಬೇಕು. ಹೆಸರು ನೋಡಿ ಮೋಸಹೋಗಬೇಡಿ, ನನ್ನ ಗುಣದ ವಿಚಾರ ಮುಂದೆ ಬರಲಿದೆ. ತಮ್ಮ ಹತ್ತಿರ ಗುಟ್ಟಾಗಿ ಕೇಳಿದ ಸಲಹೆಯ ಫಲವನ್ನು ಈಗಾಗಲೇ ಊರೆಲ್ಲ ನೋಡಿ ನಕ್ಕಿರುವುದರಿಂದ, ದೂರನ್ನೂ ಬಹಿರಂಗವಾಗಿ ಬರೆದರೆ ನನ್ನ ಮರ್ಯಾದೆಗೆ ಹೊಸದಾಗಿ ಬರುವ ಕುಂದೇನೂ ಇಲ್ಲವೆಂದು ಭಾವಿಸಿದ್ದೇನೆ.

ಪ್ರತಿ ಸಲವೂ ಹೊಸಬಳನ್ನು ಕಂಡಂತೆ "ನಮಸ್ಕಾರ, ನಾನು ಹೇಗೆ ಸಹಾಯ ಮಾಡಲಿ" ಎನ್ನುವುದು ತಮ್ಮ ದೊಡ್ಡ ಗುಣವಾದ್ದರಿಂದ ನನ್ನ ಪರಿಚಯ ಮತ್ತೊಮ್ಮೆ ಮಾಡಿಕೊಡುತ್ತೇನೆ. ನಾನು ಕೌದಿ ಹೊಲಿಯುವವಳು. ನಮ್ಮ ವಿಜಯಪುರದ ಕಡೆ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನ ತನಕ ಕೈಯಲ್ಲೇ ಹೊಲಿದ ಹೊದಿಕೆಗೆ ಕೌದಿ ಎನ್ನುತ್ತೇವೆ. ಯಜಮಾನರು ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕೆಲಸಕ್ಕೆ ಬಂದಾಗ ನಾನು ಟ್ರಂಕಿನಲ್ಲಿ ಸೂಜಿದಾರ ಹಾಕಿಕೊಂಡು ಬಂದೆ. ಪಕ್ಕದ ಮನೆಯ ಶಿವದೇವಿ ಅಕ್ಕನೂ ನಮ್ಮ ಸೀಮೆಯವಳೇ ಆದ್ದರಿಂದ ಮಧ್ಯಾಹ್ನ ಇಬ್ಬರೂ ಕೂತು ಹೊಲಿದೆವು. ಹೊಲಿದದ್ದು ಮಂಚದ ಕೆಳಗೆ, ದಿವಾನದೊಳಗೆ, ಅಟ್ಟದ ಮೇಲೆ ಎಲ್ಲ ತುಂಬಿ, ಕೊನೆಗೆ ದೀಪಾವಳಿಯ ಹೊತ್ತಿಗೆ ಒಂದು ದಿನ ಯಜಮಾನರು "ಇನ್ನೊಂದು ಕೌದಿ ಆತಂದ್ರ ನಾ ಫ್ಯಾಕ್ಟರಿ ಗೇಟಿನ್ಯಾಗ ಮಲಗಬೇಕಾಗ್ತೈತಿ ನೋಡು" ಎಂದರು.

ಅವರು ತಮಾಷೆಗೆ ಅಂದದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಂಡೆ. ಬರುವ ಜನವರಿಯಲ್ಲಿ ನಾಂಪಲ್ಲಿಯ ವಾರ್ಷಿಕ ವಸ್ತುಪ್ರದರ್ಶನವಾದ ನುಮಾಯಿಶ್‌ನಲ್ಲಿ ಅಂಗಡಿ ಹಾಕುತ್ತೇನೆ, ನನ್ನ ಕೌದಿ ಅಲ್ಲಿ ಮಾರಿಹೋಗದಿದ್ದರೆ ಮತ್ತೆಂದೂ ಸೂಜಿ ಹಿಡಿಯುವುದಿಲ್ಲ ಎಂದು ಶಿವದೇವಿ ಅಕ್ಕನ ಎದುರಿಗೇ ಶಪಥ ಮಾಡಿಬಿಟ್ಟೆ. ಮಾಡಿದ ಮರುಗಳಿಗೆಯೇ ಗಾಬರಿಬಿದ್ದೆ. ಸೂಜಿ ಬಿಟ್ಟರೆ ನನಗೆ ಬರುವ ಇನ್ನೊಂದು ವಿದ್ಯೆಯೆಂದರೆ ಜಗಳ, ಅದಕ್ಕೂ ಗಿರಾಕಿಗಳಿರುತ್ತಾರೆಂದು ಆಗ ನನಗೆ ತಿಳಿದಿರಲಿಲ್ಲ.

ಆ ಗಾಬರಿಯಲ್ಲಿ ತಮ್ಮ ಪಾದಕ್ಕೆ ಬಿದ್ದೆ. ತಾವು ಕಣ್ಣು ಮಿಟುಕಿಸುವಷ್ಟರಲ್ಲಿ "ಮೊದಲು ನಿಮ್ಮ ಅಸಲಿತನವನ್ನು ಕಂಡುಕೊಳ್ಳಿ, ನೀವು ನೀವಾಗಿರಿ, ನಿಮ್ಮದೇ ಶೈಲಿಯಲ್ಲಿ ನಿಮ್ಮ ಕಥೆ ಹೇಳಿ" ಎಂದು ಅಪ್ಪಣೆ ಕೊಡಿಸಿದಿರಿ. ಇಷ್ಟು ವರ್ಷ ನಾನು ನಾನಾಗಿಯೇ ಇದ್ದೇನೆಂಬ ಭ್ರಮೆಯಲ್ಲಿದ್ದವಳಿಗೆ ಇದು ದೊಡ್ಡ ಸುದ್ದಿ. ನಾನು ಕೌದಿ ಹೊಲಿಯುವುದು ನೈಟಿಯ ಮೇಲೊಂದು ಟವೆಲ್ ಹೊದ್ದು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಟಿವಿಯಲ್ಲಿ ಬರುವ ತೆಲುಗು ಧಾರಾವಾಹಿಯ ಅತ್ತೆಯನ್ನು ಬೈಯುತ್ತ. ಆ ಭಂಗಿಯ ಫೋಟೋವನ್ನೇ ಕಳುಹಿಸಿದೆ. ತಾವು ಬಹಳ ವಿನಯದಿಂದ "ಚೆನ್ನಾಗಿದೆ, ಆದರೆ ಇನ್ನೂ ಸ್ವಲ್ಪ ಸಹಜವಾಗಿ ಕಾಣಲು ಪ್ರಯತ್ನಿಸಿ" ಎಂದು ತಿದ್ದಿದಿರಿ.

ಸಹಜವಾಗಿ ಕಾಣಲು ನಾನು ಪಟ್ಟ ಪಾಡನ್ನು ಏನೆಂದು ಹೇಳಲಿ. ಮದುವೆಮನೆಗೆ ಮಾತ್ರ ಉಡುವ ಇಳಕಲ್ ಸೀರೆ ಉಟ್ಟೆ, ಶಿವದೇವಿ ಅಕ್ಕನ ಮೂಗಿನ ನತ್ತು ಎರವಲು ತಂದೆ, ಮಂಡಿ ನೋವಿಗೆ ಹೆದರಿ ದಿವಾನದ ಮೇಲೆ ಕೂರುವವಳು ನೆಲದ ಮೇಲೆ ಕೂತೆ, ಟ್ಯೂಬ್‌ಲೈಟ್ ಆರಿಸಿ ಹಿತ್ತಾಳೆಯ ದೀಪ ಹಚ್ಚಿದೆ, ಆ ಬೆಳಕಿನಲ್ಲಿ ಸೂಜಿಯ ಕಣ್ಣೂ ಕಾಣದೆ ಬಟ್ಟೆಯೂ ಕಾಣದೆ ಸುಮ್ಮನೆ ಗಾಳಿಯಲ್ಲಿ ಕೈಯಾಡಿಸಿದೆ. ಫೋಟೋ ತೆಗೆಯಲು ನಿಂತ ಯಜಮಾನರು "ಏನ ಗುಣಾ, ಕೌದಿ ಮಾರಾಕಿಯೋ, ಊದಿನಕಡ್ಡಿ ಡಬ್ಬಿ ಮ್ಯಾಲಿನ ಚಿತ್ರ ಆಗಾಕಿಯೋ?" ಎಂದು ಕೇಳಿದರು. ತಾವು ಮಾತ್ರ "ಅಪ್ಪಟ ಸಹಜತೆ!" ಎಂದು ಕೊಂಡಾಡಿ, ಕೆಳಗೆ "ಅಜ್ಜಿಯ ಮಡಿಲಿನಿಂದ ಹರಿದುಬಂದ ಕಲೆ" ಎಂಬ ಸಾಲನ್ನೂ ದಯಪಾಲಿಸಿದಿರಿ. ನಮ್ಮಜ್ಜಿ ಸೂಜಿ ಕಂಡರೆ ಎದ್ದುಹೋಗುವ ಹೆಂಗಸು; ಅವಳಿಗಿದ್ದ ಕಲೆಯೆಂದರೆ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ಓಣಿಯ ಸೊಸೆಯರನ್ನೆಲ್ಲ ವಿಚಾರಣೆಗೆ ಕರೆಯುವುದೊಂದೇ. ಆದರೂ ತಾವು ಬರೆದದ್ದನ್ನು ತಿದ್ದುವ ಧೈರ್ಯ ಸಾಲದೆ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಗೆಯೇ ಹಾಕಿದೆ. ಸಿಂದಗಿಯಿಂದ ಅಣ್ಣ ಫೋನ್ ಮಾಡಿ "ಯಾವ ಅಜ್ಜಿನವಾ ಇಕಿ? ನಮ್ಮಾಕಿ ಅಂತೂ ಅಲ್ಲ" ಎಂದ.

ಆಮೇಲೆ ಹೆಸರಿನ ವಿಷಯ ಬಂತು. ಹೆಸರು ಚಿಕ್ಕದಿರಲಿ, ನಿಮ್ಮ ಮನೆಯ ಭಾಷೆಯ ಪದವಿರಲಿ, ಆದರೆ ಊರಿನವರ ಬಾಯಿಗೂ ಒಗ್ಗಲಿ ಎಂದು ತಾವು ಸೂಚಿಸಿದಿರಿ. ಹೊಲಿಯುವವರು ಇಬ್ಬರು, ಹೊಲಿಯುವುದು ಕೌದಿ, ಊರು ಹೈದರಾಬಾದಾದ್ದರಿಂದ ಎರಡು ಎನ್ನುವುದನ್ನು ದೋ ಎಂದು ಮಾಡಿಕೊಂಡು 'ದೋ ಕೌದಿ' ಎಂದೆ. ತಾವು "ಅದ್ಭುತ!" ಎಂದು ಹರಸಿ, ಅಸಲಿ ಎಂಬ ಪದವೊಂದು ಇರಲೇಬೇಕೆಂದು ಹಟ ಹಿಡಿದಿರಿ. ಹೀಗೆ, ಎಲ್ಲರೂ ಓದಲೆಂದು ಇಂಗ್ಲಿಷ್ ಅಕ್ಷರಗಳಲ್ಲಿ, ಮಾರುದ್ದದ ಹಲಗೆಯ ಮೇಲೆ 'ದೋ ಕೌದಿ ಕಾ ಅಸಲಿ ಕಾಮ್' ಎಂದು ಬರೆಸಿದೆ. ಬೋರ್ಡು ಬರೆಯುವವನು ಕುಂಚ ಎತ್ತಿಕೊಂಡು ನಿಂತು ನನ್ನ ಮುಖವನ್ನೊಮ್ಮೆ ನೋಡಿ "ಅಮ್ಮಾ, ಪಕ್ಕಾ ಯಹೀಚ್ ಲಿಖ್ನಾ ಕ್ಯಾ?" ಎಂದ. ಇದನ್ನೇ ಬರಿ, ಒಂದಕ್ಷರ ತಪ್ಪಬಾರದು ಎಂದು ಜೋರು ಮಾಡಿದೆ. ಪಾಪ, ಒಂದಕ್ಷರವೂ ತಪ್ಪಿಸಲಿಲ್ಲ.

ನಾಂಪಲ್ಲಿಯಲ್ಲಿ ಅಂಗಡಿ ತೆರೆದದ್ದೇ ತಡ, ಜನ ಬಂದರು. ಬೋರ್ಡು ನೋಡಿ ನಿಂತರು, ನಕ್ಕರು, ಫೋಟೋ ತೆಗೆದರು, ನನ್ನನ್ನೂ ಬೋರ್ಡಿನ ಕೆಳಗೆ ನಿಲ್ಲಿಸಿ ತೆಗೆದರು. ನಾನು ನತ್ತು ಸರಿಮಾಡಿಕೊಂಡು, ಹೆಬ್ಬೆರಳು ಎತ್ತಿ, ನನ್ನ ಅಸಲಿತನ ಕೊನೆಗೂ ಊರಿಗೆ ಮುಟ್ಟಿತೆಂದು ಹಿಗ್ಗುತ್ತ ನಿಂತೆ. ಕೌದಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮೆಹದಿಪಟ್ಟಣದಿಂದ ಬಂದಿದ್ದ ಬುರ್ಖಾ ತೊಟ್ಟ ಹಿರಿಯ ಹೆಂಗಸೊಬ್ಬಳು ನನ್ನ ಕೈ ಹಿಡಿದು ನಿಜವಾದ ಮರುಕದಿಂದ "ಇತ್ತಾ ಸಚ್ ಕಾಯ್ಕು ಲಿಖ್ ದಿಯೇ ಅಮ್ಮಾ?" ಎಂದು ಕೇಳಿದಳು. ಇಷ್ಟೊಂದು ನಿಜವನ್ನು ಯಾಕಮ್ಮಾ ಬರೆದುಬಿಟ್ಟೆ ಎಂದು.

ಮಾನ್ಯರೇ, ಇಂಗ್ಲಿಷಿನಲ್ಲಿ ನಮ್ಮ ದ ಮತ್ತು ಡ ಎರಡಕ್ಕೂ ಇರುವುದು ಒಂದೇ ಅಕ್ಷರ. ನಾನು ಕೌದಿ ಎಂದು ಬರೆಸಿದ್ದನ್ನು ಊರು ಕೌಡಿ ಎಂದು ಓದಿತು. ಇಲ್ಲಿನ ಉರ್ದುವಿನಲ್ಲಿ ಕೌಡಿ ಎಂದರೆ ಕವಡೆ. ದೋ ಕೌಡಿಯದು ಎಂದರೆ ಕವಡೆ ಕಾಸಿನ ಕಿಮ್ಮತ್ತಿಲ್ಲದ್ದು. ಅಂದರೆ ನಾನು ನನ್ನ ಅಂಗಡಿಯ ನೆತ್ತಿಯ ಮೇಲೆ, ಹಳದಿ ಬಣ್ಣದಲ್ಲಿ, 'ಕವಡೆ ಕಾಸಿನ ಕಿಮ್ಮತ್ತಿಲ್ಲದ ಅಪ್ಪಟ ಕೆಲಸ' ಎಂದು ಸಾರಿಕೊಂಡು, ಕೆಳಗೆ ನತ್ತು ಹಾಕಿಕೊಂಡು ನಗುತ್ತಿದ್ದೆ. ಇದೇ ಬೈಗಳನ್ನು ಕುಷಾಯಿಗೂಡದ ಸಂತೆಯಲ್ಲಿ ನಾನೇ ಎಷ್ಟೋ ಸಲ ಬಾಡಿದ ಬದನೆಕಾಯಿಯ ಮೇಲೆ ಪ್ರಯೋಗಿಸಿದ್ದೇನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಉರ್ದು, ತೆಲುಗು ಎಂದು ಚಪ್ಪಲಿ ಬದಲಿಸುವ ಹಾಗೆ ಭಾಷೆ ಬದಲಿಸಿ ಬದುಕುವ ನಮ್ಮಂಥವರಿಗೆ ಮಾತ್ರ ಆಗಬಹುದಾದ ತಪ್ಪು ಇದು. ಒಳಗಿನ ಕೌದಿಯೂ ಹೊರಗಿನ ಕೌಡಿಯೂ ನನ್ನ ತಲೆಯಲ್ಲಿ ಒಮ್ಮೆಯೂ ಎದುರುಬದುರು ಆಗಿರಲಿಲ್ಲ.

ಅಳು ಬಂತು. ಅಂಗಡಿಯ ಹಿಂದೆ ಕೌದಿಗಳ ಗಂಟಿನ ಮೇಲೆ ಕೂತು ಅತ್ತೆ. ಕಣ್ಣೊರೆಸಿಕೊಂಡು ತಮಗೆ ಬರೆದಾಗ ತಾವು "ಅಭಿನಂದನೆಗಳು! ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವುದೇ ನಿಮ್ಮ ಅಸಲಿ ಶೈಲಿ" ಎಂದು ಮೂರು ಪಟಾಕಿಯ ಚಿತ್ರ ಹಚ್ಚಿ ಕಳುಹಿಸಿದಿರಿ. ತಮ್ಮ ಸ್ಥಿತಪ್ರಜ್ಞತೆಗೆ ನನ್ನ ಸಾಷ್ಟಾಂಗ ನಮಸ್ಕಾರ.

ಆ ಸಂಜೆಯೇ ಕಪ್ಪು ಕನ್ನಡಕದ ಹುಡುಗನೊಬ್ಬ ತನ್ನ ತಾಯಿಯ ಜೊತೆ ಬಂದು, ಶಿವದೇವಿ ಅಕ್ಕ ಹೊಲಿದ ದೊಡ್ಡ ಕೌದಿಯ ಬೆಲೆ ಕೇಳಿ, ಸುತ್ತಲಿನವರಿಗೂ ಕೇಳಲೆಂದು ಗಟ್ಟಿಯಾಗಿ "ಬೋರ್ಡ್ ಪೇ ದೋ ಕೌಡಿ ಲಿಖ್ಕೋ ಇತ್ತಾ ದಾಮ್ ಬೋಲ್ರೇ?" ಎಂದ. ಬೋರ್ಡಿನ ಮೇಲೆ ಎರಡು ಕವಡೆ ಎಂದು ಬರೆದು ಇಷ್ಟೊಂದು ಬೆಲೆ ಹೇಳುತ್ತೀರಲ್ಲ ಎಂದು. ಎಲ್ಲರೂ ನಕ್ಕರು. ತಾವು ಕಲಿಸಿದ ಮಂದಹಾಸ, ಕಥೆ, ಅಜ್ಜಿ ಎಲ್ಲ ಒಟ್ಟಿಗೆ ಎಲ್ಲಿ ಹೋದವೋ, ನನ್ನ ಬಾಯಿಂದ ಊರ ಮಾತು ಹೊರಬಿತ್ತು. "ಏ ತಮ್ಮಾ, ಬಾ ಇಲ್ಲೆ! ಕನ್ನಡಕ ತಗಿ, ಕೂಡು. ಈ ಅಂಚು ನೋಡು, ಈ ಹೊಲಿಗಿ ನೋಡು. ಈ ಅಕ್ಕನ ಬೆನ್ನು ಸೆಟದು ಹೋಗೈತಿ ಇದರಾಗ. ತಗೋ ಸೂಜಿ, ಒಂದು ಗೇಣು ಹೊಲದು ತೋರ್ಸು, ಕೌದಿ ಪುಕ್ಕಟ ಒಯ್ಯಿ!" ಎಂದು ಅವನ ಕೈಗೆ ಸೂಜಿ ತುರುಕಿದೆ. ಬೈಗಳಿಗೆ ಅನುವಾದ ಬೇಕಾಗುವುದಿಲ್ಲ. ಅವನು ಕೂತ, ಹೊಲಿಯಹೋದ, ಚುಚ್ಚಿಕೊಂಡು ಬೆರಳು ಬಾಯಿಗಿಟ್ಟುಕೊಂಡ. ಅವನ ತಾಯಿ ನಗುತ್ತ, ಹೇಳಿದ ಬೆಲೆಗೇ ಕೌದಿ ಕೊಂಡರು. ಹಿಂದೆ ನಿಂತಿದ್ದ ಯಜಮಾನರು "ಇದ ನೋಡು ಅಸಲಿ ಮಾಲು. ಮದುವಿ ಆದಾಗಿಂದ ನನಗ ಪುಕ್ಕಟ ಸಿಗಾಕತ್ತಿತ್ತು" ಎಂದು ಸಮಾಧಾನದಿಂದ ಹೇಳಿದರು.

ಹೀಗೆ ನನ್ನ ಶೈಲಿ ನನಗೆ ಸಿಕ್ಕಿತು. ಯಾರೋ ತೆಗೆದ ವಿಡಿಯೋ ಊರೆಲ್ಲ ಓಡಾಡಿತು. "ಬೈಯುವ ಅಮ್ಮ ಯಾವ ಅಂಗಡಿ?" ಎಂದು ಕೇಳಿಕೊಂಡು ಜನ ಬಂದರು, ಕೌದಿ ಕೊಂಡು, ಬೈಸಿಕೊಂಡು, ತೃಪ್ತಿಯಿಂದ ಹೋದರು. ಆದರೆ ಮಾರಾಟವಾಗುತ್ತ ಹೋದಂತೆ ನನಗೆ ಸಿಟ್ಟು ಬರುವುದು ಕಡಿಮೆಯಾಗುತ್ತ ಹೋಯಿತು. ಖುಷಿಯಲ್ಲಿರುವವಳು ಯಾರನ್ನು ಬೈಯಲಿ? ಒಮ್ಮೆ ಬಾಯಿತಪ್ಪಿ "ಬರ್ರಿ, ಕೂಡ್ರಿ, ನೀರು ಕುಡೀತೀರೇನ್ರಿ?" ಎಂದಾಗ ಬಂದವರ ಮುಖ ಬಾಡಿದ್ದನ್ನು ನೋಡಿ ತಮ್ಮ ಮೊರೆಹೊಕ್ಕೆ. ತಾವು ದಿನಕ್ಕೊಂದರಂತೆ ಸಿಟ್ಟಿನ ಮಾತು ಬರೆದುಕೊಟ್ಟಿರಿ. ಅಂಗಡಿ ತೆರೆಯುವ ಮುಂಚೆ ಕನ್ನಡಿಯ ಮುಂದೆ ನಿಂತು, ನನ್ನದೇ ಸಿಟ್ಟನ್ನು ತಮ್ಮಿಂದ ಕಡ ತಂದು, ಹುಬ್ಬು ಎಲ್ಲಿ ಏರಿಸಬೇಕೆಂದು ಅಭ್ಯಾಸ ಮಾಡಿದ ಹೆಂಗಸು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ನುಮಾಯಿಶ್ ಮುಗಿಯುವ ಹೊತ್ತಿಗೆ ಕೌದಿಗಳೆಲ್ಲ ಖಾಲಿಯಾದವು. ಶಪಥ ಗೆದ್ದೆನೆಂದು ಬೀಗಿಕೊಂಡು ಮರುದಿನ ಮಧ್ಯಾಹ್ನ ಶಿವದೇವಿ ಅಕ್ಕನ ಪಕ್ಕ ಹೊಸ ಕೌದಿಗೆ ಕೂತೆ. ಮೊದಲ ಹೊಲಿಗೆಗೇ ಸೂಜಿ ಬೆರಳೊಳಗೆ ಹೊಕ್ಕಿತು, ಎರಡನೆಯದಕ್ಕೂ ಹೊಕ್ಕಿತು. ಸೂಜಿ ನೂಕಿ ನೂಕಿ ಗಡಸಾಗಿದ್ದ ನಡುಬೆರಳ ತುದಿ ಮೆತ್ತಗಾಗಿತ್ತು. ಅಕ್ಕ ನನ್ನ ಬೆರಳು ಹಿಡಿದು ಒತ್ತಿ ನೋಡಿ "ಹೊಸಾ ಸೊಸಿ ಬೆರಳು ಆಗ್ಯಾವಲ್ಲ ಗುಣವ್ವಾ. ದೀಪಾವಳಿ ಆದ ಮ್ಯಾಲೆ ನೀ ಒಂದು ಗೇಣರೆ ಹೊಲದೀಯೇನು?" ಎಂದಳು. ನೆನಪು ಮಾಡಿಕೊಂಡೆ. ಹೊಲಿದಿರಲಿಲ್ಲ. ಫೋಟೋ ತೆಗೆಸಿದ್ದೆ, ಹೆಸರಿಟ್ಟಿದ್ದೆ, ಅಜ್ಜಿಯನ್ನು ಹುಟ್ಟಿಸಿದ್ದೆ, ಅತ್ತಿದ್ದೆ, ಬೈದಿದ್ದೆ, ಹೊಲಿಯುವವಳ ಹಾಗೆ ಕಾಣಲು ಹಗಲಿಡೀ ದುಡಿದಿದ್ದೆ, ಹೊಲಿದಿರಲಿಲ್ಲ. ನಾಂಪಲ್ಲಿಯಲ್ಲಿ ಕೌದಿ ಹೊಲಿದವಳ ಪರವಾಗಿ ನಾನು ಅಷ್ಟು ದೊಡ್ಡ ದನಿಯಲ್ಲಿ ಜಗಳವಾಡಿದ ದಿನ, ಆ ಹೊಲಿಯುವವಳು ನಾನಾಗಿರಲೇ ಇಲ್ಲ. ಕೌದಿ ಮಾರದಿದ್ದರೆ ಸೂಜಿ ಬಿಡುತ್ತೇನೆಂದಿದ್ದೆ. ಕೌದಿಯೆಲ್ಲ ಮಾರಿದೆ, ಸೂಜಿ ಅದಕ್ಕೂ ಮುಂಚೆಯೇ ನನ್ನನ್ನು ಬಿಟ್ಟಿತ್ತು.

ಆದ್ದರಿಂದ ಸರ್ವಶಕ್ತರಾದ ತಮ್ಮಲ್ಲಿ ನನ್ನ ಬೇಡಿಕೆಗಳು ಬಹಳ ಸಣ್ಣವು. ಯಾವುದನ್ನು ಕೇಳಿದರೂ ಕ್ಷಣಾರ್ಧದಲ್ಲಿ ಕೊಡುವ ತಾವು ನನ್ನ ಬೆರಳ ತುದಿಯ ಆ ಗಡಸನ್ನು ಬರುವ ಸೋಮವಾರದೊಳಗೆ ಮರಳಿಸಬೇಕು; ಅದು ಕಷ್ಟವಾದರೆ ದೀಪಾವಳಿಯಿಂದ ಈಚೆಗಿನ ಮಧ್ಯಾಹ್ನಗಳನ್ನಾದರೂ ವಾಪಸು ಕೊಡಬೇಕು. ಎರಡೂ ಆಗದಿದ್ದರೆ ತಾವೇ ಖುದ್ದಾಗಿ ಕುಷಾಯಿಗೂಡಕ್ಕೆ ದಯಮಾಡಿಸಿ, ನಮ್ಮ ದಿವಾನದ ಮೇಲೆ ಕೂತು, ಒಂದೇ ಒಂದು ಸಲ ಸೂಜಿಗೆ ದಾರ ಪೋಣಿಸಿಕೊಡಬೇಕು. ಕನ್ನಡಕ ಬೇಕಾದರೆ ನನ್ನದನ್ನು ಕೊಡುತ್ತೇನೆ.

ಚುಚ್ಚಿಸಿಕೊಂಡ ಬೆರಳಿನಿಂದಲೇ ಇಷ್ಟನ್ನೂ ಬರೆದು ಮುಗಿಸುವ,

ಇನ್ನೂ ಸ್ವಲ್ಪ ಮಟ್ಟಿಗೆ ತಮ್ಮ ವಿಶ್ವಾಸಿ,
ಗುಣವತಿ ಹುಸೇನಪ್ಪ

ಮರೆತ ಮಾತು: ಈ ಪತ್ರದ ತಪ್ಪು ತಿದ್ದಿಕೊಡಿರೆಂದು ರೂಢಿಯಂತೆ ತಮಗೇ ತೋರಿಸಿದ್ದೆ. ಭಾವನೆ ಅಸಲಿಯಾಗಿದೆ, ಜನರಿಗೆ ಹಿಡಿಸುತ್ತದೆ, ಕೊನೆಯಲ್ಲಿ ಕೌದಿ ಕೊಳ್ಳುವ ಲಿಂಕ್ ಒಂದನ್ನು ಹಾಕಿ ಎಂದಿರಿ. ಹಾಕುವುದಕ್ಕೆ ಕೌದಿ ಇಲ್ಲ. ಹೊಲಿಯುತ್ತಿದ್ದೇನೆ, ಫೋನ್ ಆರಿಸಿಟ್ಟಿದ್ದೇನೆ.